ಹವಾಲ್ದಾರರ ಮೀಸೆ

ಈ ಮನುಷ್ಯನ ಬಗ್ಗೆ ನಾನು ಬರೆಯಬೇಕಾಗಿದ್ದುದು ಅವರು ತೀರಿಕೊಂಡ ತಿಂಗಳಲ್ಲೇ, ನಮ್ಮ ಕನ್ನಡ ಸಂಘದ ಪತ್ರಿಕೆಯ ಅರ್ಧ ಪುಟಕ್ಕೆ. ಕಣ್ಣಿನ ನೆಪ ಹೇಳಿ ತಪ್ಪಿಸಿಕೊಂಡೆ. ಈಗ ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ವಿಷಾದವಿಲ್ಲ. ಆಗಲೇ ಬರೆದಿದ್ದರೆ, ಎಲ್ಲರೂ ಹೇಳುತ್ತಿದ್ದ ಒಂದು ಸುಳ್ಳನ್ನು ನಾನೂ ಒಳ್ಳೆಯ ಕನ್ನಡದಲ್ಲಿ ಹೇಳಿ ಮುಗಿಸಿಬಿಡುತ್ತಿದ್ದೆ.

ಅವರ ಹೆಸರು ಹಾಕುವುದಿಲ್ಲ. ಹಾಕಿದರೂ ಓದುಗರಿಗೆ ಗುರುತು ಹತ್ತಲಿಕ್ಕಿಲ್ಲ. ಮುಖ ತೋರಿಸಿದರೆ ಮಾತ್ರ ‘ಓ, ಇವರಾ’ ಎಂದಾರು. ಸುಮಾರು ಇಪ್ಪತ್ತು ವರ್ಷ ಅವರು ಹಿಂದಿ, ಮರಾಠಿ ಸಿನಿಮಾಗಳಲ್ಲೂ ಟಿವಿಯ ಹಾಸ್ಯ ಧಾರಾವಾಹಿಗಳಲ್ಲೂ ವೇಟರ್, ಪೋಸ್ಟ್‌ಮನ್, ಆಸ್ಪತ್ರೆಯ ವಾರ್ಡ್‌ಬಾಯ್, ಹುಡುಗಿಯ ಸೋದರಮಾವ ಮುಂತಾದ ಪಾತ್ರಗಳಲ್ಲಿ ಬಂದು ಹೋದರು. ಒಂದು ಧಾರಾವಾಹಿಯಲ್ಲಿ ಮಾತ್ರ ಐದು ವರ್ಷ ಒಂದೇ ಪಾತ್ರದಲ್ಲಿ ನಿಂತರು, ಪೊಲೀಸ್ ಚೌಕಿಯ ಹವಾಲ್ದಾರನಾಗಿ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ನಮ್ಮ ವಸತಿ ಸೊಸೈಟಿಯಲ್ಲಿ ಆಮೇಲೆ ಅವರಿಗೆ ಬೇರೆ ಹೆಸರೇ ಇರಲಿಲ್ಲ. ಹಾಲಿನವನೂ ‘ಹವಾಲ್ದಾರ್ ಸಾಬ್’ ಎನ್ನುತ್ತಿದ್ದ.

ಅವರು ಮೂರನೆಯ ಮಾಳಿಗೆಯಲ್ಲಿ, ನಾನು ಎರಡನೆಯದರಲ್ಲಿ. ಇಬ್ಬರೂ ಉಡುಪಿ ಕಡೆಯವರು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಠಾಣೆಯ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು. ಜೋಡಿಸಿದ್ದನ್ನು ಓದಿ ಓದಿ ಇಂಗ್ಲಿಷ್ ಕಲಿತೆ, ಮರಾಠಿ ಕಲಿತೆ, ಕೊನೆಗೆ ಪ್ರೂಫ್ ನೋಡುವವನಾದೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ ಪಾಠ: ಹತ್ತು ಜನ ನೋಡಿ ಸರಿ ಎಂದ ಪುಟವನ್ನೂ ಮೂಲಪ್ರತಿಯ ಪಕ್ಕದಲ್ಲಿಟ್ಟು ಮತ್ತೊಮ್ಮೆ ನೋಡಬೇಕು. ಈ ಅಭ್ಯಾಸದಿಂದ ನನಗೆ ಗೆಳೆಯರು ಕಡಿಮೆ. ಇದ್ದ ಕೆಲವರಲ್ಲಿ ಹವಾಲ್ದಾರರು ಒಬ್ಬರು.

ಅವರು ನಟನೆಗೆ ಬಂದದ್ದು ಆಸೆಯಿಂದಲ್ಲ. ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಅಲ್ಲಿ ಒಂದು ಸಿನಿಮಾದ ಚಿತ್ರೀಕರಣ ನಡೆಯಿತು. ವೇಟರ್ ಪಾತ್ರಕ್ಕೆ ಕರೆತಂದ ನಟನಿಗೆ ಒಂದೇ ಕೈಯಲ್ಲಿ ಆರು ತಟ್ಟೆ ದೋಸೆ ಹಿಡಿದು ಬರಲು ಆಗಲಿಲ್ಲ. ಮೂರು ಸಲ ಚಟ್ನಿ ಚೆಲ್ಲಿದ ಮೇಲೆ ಇವರು ಕೌಂಟರಿನಿಂದ ಎದ್ದುಬಂದು, ‘ನಮ್ಮ ತಟ್ಟೆ ಒಡೆಯುವುದು ಸಾಕು’ ಎಂದು ಆರನ್ನೂ ತೋಳಿನ ಮೇಲೆ ಜೋಡಿಸಿಕೊಂಡು ನಡೆದು ತೋರಿಸಿದರು. ಕ್ಯಾಮೆರಾ ಅದನ್ನೇ ಹಿಡಿಯಿತು.

ಅವರ ಬೋಳುತಲೆಯೂ ಬಾಯಿಯ ಎರಡೂ ಬದಿಗೆ ಇಳಿಬಿದ್ದ ದಟ್ಟ ಮೀಸೆಯೂ ನಗೆ ಹುಟ್ಟಿಸಲೆಂದೇ ಮಾಡಿದಂತಿದ್ದವು. ಆದರೆ ಅವರು ನಗಿಸಲು ಏನನ್ನೂ ಮಾಡುತ್ತಿರಲಿಲ್ಲ. ಹವಾಲ್ದಾರ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಬೇಕೆಂದು ಒಮ್ಮೆ ನಿರ್ದೇಶಕ ಹೇಳಿದನಂತೆ. ಇವರು ಒಪ್ಪಲಿಲ್ಲ.

“ಹವಾಲ್ದಾರ ಜಾರುವುದಿಲ್ಲ ಮಾರಾಯ್ರೆ,” ಎಂದು ನನಗೆ ವಿವರಿಸಿದರು. “ಅವ ಸಿಪ್ಪೆ ಕಂಡ್ರೆ ನಿಲ್ತಾನೆ. ಯಾರು ಬಿಸಾಡಿದ್ದು ಅಂತ ನೋಡ್ತಾನೆ. ಅಷ್ಟೇ ಮಾಡಿದೆ.”

“ಜನ ನಕ್ಕರಾ?”

“ನಗುವುದು ಗಿರಾಕಿಯ ಕೆಲಸ. ನನ್ನ ಕೆಲಸ ತಟ್ಟೆ ಇಡುವುದು.”

ಆ ದೃಶ್ಯವನ್ನು ನಾನು ನೋಡಿದ್ದೇನೆ. ಅವರು ಸಿಪ್ಪೆಯನ್ನು ನೋಡುತ್ತಾರೆ, ಬೀದಿಯಲ್ಲಿದ್ದ ಒಬ್ಬೊಬ್ಬರನ್ನೂ ನೋಡುತ್ತಾರೆ. ಎಲ್ಲರೂ ತಪ್ಪು ಮಾಡಿದವರಂತೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ಆ ಧಾರಾವಾಹಿಯಲ್ಲಿ ಈಗಲೂ ನನಗೆ ನೆನಪಿರುವುದು ಅದೊಂದೇ.

ಸಂಘದವರು ಒಮ್ಮೆ ಅವರನ್ನು ಸನ್ಮಾನಿಸಿದರು. ಆಮಂತ್ರಣದ ಕರಡು ನನ್ನ ಬಳಿ ಬಂತು. ‘ನೂರಾರು ಚಿತ್ರಗಳ ಮೇರುನಟ’ ಎಂದಿತ್ತು. ಮಾಳಿಗೆ ಹತ್ತಿ ಹೋಗಿ ಕೇಳಿದೆ, ಇದು ನಿಜವೇ ಎಂದು. ಅವರು ಕನ್ನಡಕ ಹಾಕಿಕೊಂಡು ಓದಿ, “ಮೇರು ತೆಗೀರಿ. ನೂರಾರೂ ತೆಗೀರಿ. ಕೆಲವು ಅಂತ ಹಾಕಿ. ಬೆನ್ನು ಮಾತ್ರ ಕಂಡದ್ದು ಬಿಟ್ರೆ ಅದೂ ಜಾಸ್ತಿಯೇ,” ಎಂದರು. ತನ್ನ ಹೊಗಳಿಕೆಯನ್ನು ಹೀಗೆ ತಿದ್ದಿಸಿಕೊಂಡ ಬೇರೊಬ್ಬರನ್ನು ನಾನು ಕಂಡಿಲ್ಲ. ನಮ್ಮ ಸ್ನೇಹ ಗಟ್ಟಿಯಾದದ್ದು ಅಂದಿನಿಂದ. ಬೆಳಿಗ್ಗೆ ಪೇಪರ್ ಓದಲು ನನ್ನ ಮನೆಗೇ ಬರುತ್ತಿದ್ದರು. ನನ್ನ ಹೆಂಡತಿ ಮಾಡುವ ಕಾಫಿಯನ್ನು ಎರಡು ಸಲ ಕುಡಿದೇ ಹೋಗುತ್ತಿದ್ದರು.

ಹೆಂಡತಿಯನ್ನು ಅವರು ಬೇಗ ಕಳೆದುಕೊಂಡಿದ್ದರು. ಒಬ್ಬಳೇ ಮಗಳು. ಹನ್ನೆರಡನೆಯ ತರಗತಿಯವರೆಗೆ ಊರಿನಲ್ಲಿ ಅಜ್ಜಿಯೊಂದಿಗೆ ಬೆಳೆದು, ಆಮೇಲೆ ನವಿ ಮುಂಬಯಿಯಲ್ಲಿ ನರ್ಸಿಂಗ್ ಕಲಿಯಲು ಬಂದು ಹಾಸ್ಟೆಲಿನಲ್ಲಿದ್ದಳು. ಆಕೆಗೆ ಅಜ್ಜಿಯೇ ತಾಯಿ.

ಆ ಅಜ್ಜಿ, ಎಂದರೆ ಹವಾಲ್ದಾರರ ತಾಯಿ, ಊರಿನಲ್ಲಿ ತೀರಿಕೊಂಡದ್ದು ಧಾರಾವಾಹಿ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ. ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ತಂದೆಯೋ ತಾಯಿಯೋ ಹೋದರೆ ಗಂಡುಮಕ್ಕಳು ತಲೆ, ಮೀಸೆ ಬೋಳಿಸಬೇಕು. ಕೆಲವರಲ್ಲಿ ಮೊದಲ ದಿನ. ಇವರ ಮನೆಯಲ್ಲಿ ಹತ್ತನೆಯ ದಿನ. ಇವರ ತಲೆಯಲ್ಲಿ ಬೋಳಿಸಲು ಪ್ರಕೃತಿ ಏನನ್ನೂ ಉಳಿಸಿರಲಿಲ್ಲ. ಕೊಡಲು ಇದ್ದದ್ದು ಮೀಸೆಯೊಂದೇ. ಅವರು ಹೋದರು, ಹಿರಿಯ ಮಗನಾಗಿ ಚಿತೆಗೆ ಬೆಂಕಿ ಕೊಟ್ಟರು, ನಾಲ್ಕನೆಯ ದಿನ ಶೂಟಿಂಗ್ ಇದೆಯೆಂದು ಮರಳಿದರು. ಹತ್ತಕ್ಕೂ ಹೋಗಲಿಲ್ಲ, ಹದಿಮೂರಕ್ಕೂ ಹೋಗಲಿಲ್ಲ. ಊರಿನಲ್ಲಿ ತಮ್ಮ ಒಬ್ಬನೇ ಮೀಸೆ ತೆಗೆಸಿ ಕ್ರಿಯೆ ಮುಗಿಸಿದ. ಇಲ್ಲಿ ಡೊಂಬಿವಲಿಯ ಪ್ಲಾಟ್‌ಫಾರಮ್ಮಿನಲ್ಲಿ, ತರಕಾರಿ ಮಾರ್ಕೆಟ್ಟಿನಲ್ಲಿ, ನಮ್ಮ ಮೆಟ್ಟಿಲುಗಳಲ್ಲಿ ಹವಾಲ್ದಾರರು ಮೀಸೆ ಸಹಿತ ಓಡಾಡಿದರು. ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮವರ ಹೋಟೆಲುಗಳ ನಡುವೆ ಸುದ್ದಿ ಓಡುವಷ್ಟು ವೇಗವಾಗಿ ಫಾಸ್ಟ್ ಲೋಕಲ್ ರೈಲೂ ಓಡುವುದಿಲ್ಲ. ಟಿವಿಯ ಮೀಸೆಗಾಗಿ ತಾಯಿಗೆ ಮೀಸೆ ಕೊಡದವ ಎಂಬ ಮಾತು ಕಲ್ಯಾಣದಿಂದ ಠಾಣೆಯವರೆಗೆ ಹಬ್ಬಿತು. ಹಾಸ್ಟೆಲಿನಲ್ಲಿದ್ದ ಮಗಳು ಒಂದು ಸಂಜೆ ಬಂದವಳು ಒಳಗೂ ಹೋಗಲಿಲ್ಲ. ಬಾಗಿಲಲ್ಲೇ ನಿಂತು, “ಅಜ್ಜಿಗಿಂತ ಇದು ಹೆಚ್ಚಾಯ್ತಾ ಅಪ್ಪ?” ಎಂದು ಕೇಳಿದ್ದು ಕೆಳಗಿದ್ದ ನನಗೂ ಕೇಳಿಸಿತು. ಅವರ ಉತ್ತರ ಕೇಳಿಸಲಿಲ್ಲ. ಅವಳು ಮೆಟ್ಟಿಲಿಳಿದು ಹೋದಳು. ಮುಂದಿನ ಏಳು ವರ್ಷ ತಂದೆ-ಮಗಳ ನಡುವೆ ಫೋನಿನಲ್ಲಿ ಅಗತ್ಯದ ಮಾತು ಮಾತ್ರ ನಡೆಯಿತು. ಅವಳ ಮದುವೆಯೂ ಆಯಿತು, ಅವರು ಬಂದು ಧಾರೆಯೆರೆದು ಹೋದರು.

ಆಗ ನಾನು ಅವರನ್ನು ಏನೂ ಕೇಳಲಿಲ್ಲ. ಎಲ್ಲವನ್ನೂ ಎರಡು ಸಲ ನೋಡುವವನು ಇದನ್ನು ಒಮ್ಮೆ ನೋಡಿ ಬಿಟ್ಟೆ. ತಾಯಿ ಹೋದ ಮೇಲಿನ ಎರಡು ತಿಂಗಳು ಅವರು ಪೇಪರ್ ಓದಲು ಬರುತ್ತಿದ್ದರೂ ಕಾಫಿ ಮುಟ್ಟುತ್ತಿರಲಿಲ್ಲ. ‘ಹೊಟ್ಟೆ ಸರಿಯಿಲ್ಲ’ ಎನ್ನುತ್ತಿದ್ದರು. ನಾಚಿಕೆಯಿಂದ ಹೀಗಾಗಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಅವರು ಕಳೆದ ವರ್ಷ ಮಾಘಮಾಸದಲ್ಲಿ ತೀರಿಕೊಂಡರು. ಹೃದಯಾಘಾತ, ಅರ್ಧ ಗಂಟೆಯ ಕೆಲಸ. ಸಂಘದ ಸಭಾಗೃಹದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದ ಒಬ್ಬ ಗಣ್ಯರು ಗಂಟಲು ಸರಿಮಾಡಿಕೊಂಡು, “ಕಲೆಗಾಗಿ ಹೆತ್ತ ತಾಯಿಯ ಕ್ರಿಯೆಯನ್ನೇ ತ್ಯಾಗ ಮಾಡಿದ ಮಹಾನ್ ಕಲಾವಿದ,” ಎಂದರು. ಜನ ಚಪ್ಪಾಳೆ ತಟ್ಟಿದರು. ಬದುಕಿದ್ದಾಗ ನಿಂದೆಗೆ ಬಂದ ಸಂಗತಿ ಸತ್ತ ಮೇಲೆ ಹೊಗಳಿಕೆಗೆ ಬಂತು. ಸಂಗತಿ ಮಾತ್ರ ನಿಜವೇ ಎಂದು ಎರಡು ಸಲವೂ ಯಾರೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮಗಳು ಎದ್ದು ಹೊರಗೆ ನಡೆದಳು.

ನಾನೂ ಹಿಂದೆಯೇ ಹೋದೆ. ಅವಳು ಚಪ್ಪಲಿ ಹುಡುಕುತ್ತಿದ್ದಳು.

“ಮಾಮ, ಊರಲ್ಲಿ ಚಿಕ್ಕಪ್ಪ ಅಪ್ಪನನ್ನು ಸೇರಿಸುವುದಿಲ್ಲ ಅಂತ ಹೇಳಿದ್ದಾರೆ,” ಎಂದಳು. “ಅಮ್ಮನಿಗೆ ಮೀಸೆ ಕೊಡದವನನ್ನು ಅಮ್ಮನ ಪಕ್ಕ ಹೇಗೆ ಕೂರಿಸುವುದು ಅಂತ ಕೇಳಿದ್ರು. ನನಗೂ ಹಾಗೇ ಅನ್ನಿಸ್ತದೆ. ಆದ್ರೆ ನಿದ್ದೆ ಬರುವುದಿಲ್ಲ.”

ಇದರ ಅರ್ಥವನ್ನು ಹೊರಗಿನವರಿಗೆ ಹೇಳಬೇಕು. ತೀರಿಕೊಂಡವರನ್ನು ಮೂಲಮನೆಯಲ್ಲಿ ಹಿರಿಯರ ಸಾಲಿಗೆ ಕರೆದು ಸೇರಿಸುವ ಕ್ರಮ ನಮ್ಮಲ್ಲಿದೆ. ಸೇರಿಸಿದ ಮೇಲೆ ಮಳೆಗಾಲದ ಆಟಿ ತಿಂಗಳಿನಲ್ಲಿ ವರ್ಷಕ್ಕೊಮ್ಮೆ ಅವರಿಗೂ ಒಂದು ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದುದನ್ನು ಬಡಿಸುತ್ತಾರೆ. ಸೇರಿಸದಿದ್ದರೆ ಎಲೆಯಿಲ್ಲ. ಆ ಮನುಷ್ಯ ಎಲ್ಲಿಯೂ ಸಲ್ಲದೆ ಹೊರಗೇ ನಿಂತಂತೆ. ನಾನು ಇವನ್ನೆಲ್ಲ ಪೂರ್ತಿ ನಂಬುವವನಲ್ಲ. ಆದರೆ ಹವಾಲ್ದಾರರು ನಂಬುತ್ತಿದ್ದರು, ಮಗಳು ನಂಬುತ್ತಿದ್ದಳು. ಹೊರಗೆ ನಿಲ್ಲಿಸಲು ಕೊಟ್ಟ ಕಾರಣವನ್ನಾದರೂ ಮೂಲಪ್ರತಿಯೊಂದಿಗೆ ಹೋಲಿಸಿ ನೋಡಬೇಕಿತ್ತು.

ಸಭೆಗೆ ಬಂದವರು ಎರಡು ಸಾಲು ಬರೆಯಲೆಂದು ಇಟ್ಟ ಪುಸ್ತಕವನ್ನು ಪತ್ರಿಕೆಯ ಕೆಲಸಕ್ಕಾಗಿ ನನಗೆ ಕೊಟ್ಟಿದ್ದರು. ಅದರಲ್ಲಿ ಮರಾಠಿಯಲ್ಲಿ ಒಂದು ಸಾಲಿತ್ತು: ‘ಇವರು ನನಗಾಗಿ ಮಾತು ಉಳಿಸಿಕೊಂಡರು.’ ಕೆಳಗೆ ಒಂದು ಹೆಸರು, ಮೇಕಪ್, ಟಿಟ್ವಾಳಾ. ಸಂತಾಪದ ಪುಸ್ತಕದಲ್ಲಿ ಎಲ್ಲರೂ ಒಂದೇ ಮಾತು ಬರೆಯುತ್ತಾರೆ. ಇದು ಬೇರೆಯಾಗಿತ್ತು.

ಮುಂದಿನ ಭಾನುವಾರ ಲೋಕಲ್ ಹಿಡಿದು ಕಲ್ಯಾಣದಾಚೆಯ ಟಿಟ್ವಾಳಾಕ್ಕೆ ಹೋದೆ. ಗಣಪತಿ ದೇವಸ್ಥಾನದ ದಾರಿಯಲ್ಲಿ ಕೇಳಿದರೆ ಯಾರಿಗೂ ಗೊತ್ತು, ‘ಮೇಕಪ್ ದಾದಾ’. ನನ್ನ ವಯಸ್ಸಿಗಿಂತ ಸ್ವಲ್ಪ ಕಡಿಮೆ, ತೆಳ್ಳಗಿನ ಮನುಷ್ಯ. ಬಂದ ಕಾರಣ ಕೇಳಿ, ನೀರು ಕೊಟ್ಟು, ಹೆಂಡತಿಯ ಕಡೆ ನೋಡಿ ಹೇಳಿದರು: “ಕಾಕಾ, ನಾನು ಚೈತ್ರದಲ್ಲಿ ರಿಟೈರ್ ಆಗ್ತೇನೆ. ಆಮೇಲೆ ಬನ್ನಿ. ಈಗ ಕೇಳಬೇಡಿ.” ಮರಾಠಿ ಮಾತನ್ನು ನನ್ನ ಕನ್ನಡದಲ್ಲಿ ಇಟ್ಟಿದ್ದೇನೆ. ನಾನು ಹಟಮಾರಿ ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಚೈತ್ರ ಕಳೆದ ಮೊದಲ ಭಾನುವಾರ ಮತ್ತೆ ಅದೇ ಬಾಗಿಲಲ್ಲಿ ನಿಂತೆ.

ಈ ಸಲ ಅವರು ಹೇಳಿದರು.

ಧಾರಾವಾಹಿಯ ಇನ್ನೊಬ್ಬ ನಟ ಒಮ್ಮೆ ಹರಕೆಗೆಂದು ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಿದ್ದನಂತೆ. ಮೂರು ವಾರದ ಕಥೆಯನ್ನೇ ತಿರುಗಿ ಬರೆಯಬೇಕಾಯಿತು. ನಿರ್ಮಾಪಕ ಸೆಟ್ಟಿನಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದ: ಇನ್ನು ಕೇಳದೆ ಯಾರು ರೂಪ ಬದಲಿಸಿದರೂ ಅವರ ಜಾಗಕ್ಕೆ ಬೇರೆಯವರು, ಅದನ್ನು ಮುಚ್ಚಿಟ್ಟರೆ ಮೇಕಪ್‌ನವನೂ ಮನೆಗೆ. ಇದಾಗಿ ತಿಂಗಳಾಗಿರಲಿಲ್ಲ, ಹವಾಲ್ದಾರರ ತಾಯಿ ಹೋದರು.

“ಊರಿಂದ ಬಂದು ನನ್ನ ಕುರ್ಚಿಯಲ್ಲಿ ಕೂತರು,” ಎಂದರು ದಾದಾ. “ಹತ್ತನೆಯ ದಿನ ಮೀಸೆ ತೆಗೀಬೇಕು ದಾದಾ, ತೆಗೀದೆ ನನಗಾಗುವುದಿಲ್ಲ, ನಾಳೆಯೇ ಕೆಲಸ ಬಿಡ್ತೇನೆ ಅಂದರು. ನಾನೇ ಬೇಡ ಅಂದೆ. ನಾನು ನಕಲಿ ಮೀಸೆ ಕಟ್ಟಿಕೊಡ್ತೇನೆ, ದೇವರಿಗೂ ಗೊತ್ತಾಗಲಿಕ್ಕಿಲ್ಲ ಅಂದೆ. ಜಂಭ ಅಂತ ತಿಳ್ಕೊಳ್ಳಿ.”

ಹತ್ತನೆಯ ದಿನ ಬೆಳಿಗ್ಗೆ ಮೊದಲ ಲೋಕಲ್‌ನಲ್ಲಿ ಹವಾಲ್ದಾರರು ಟಿಟ್ವಾಳಾಕ್ಕೆ ಬಂದರು. ದಾದಾ ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಕ್ಷೌರದವನು ಮೀಸೆ ತೆಗೆದ, ಭಟ್ಟರು ಪಿಂಡ ಇಡಿಸಿದರು. ಆಮೇಲೆ ದಾದಾ ಒಂದು ಕಾಗದ ಮುಂದೆ ಹಿಡಿದು, ಕೂದಲನ್ನು ಇದರಲ್ಲಿ ಹಾಕಿ, ಅದರಲ್ಲೇ ಮೀಸೆ ಕಟ್ಟಿದರೆ ಬಣ್ಣ ಹೊಂದಿಸುವ ಕಷ್ಟವಿಲ್ಲ ಎಂದರಂತೆ.

“ಕೊಡಲಿಲ್ಲ,” ಎಂದರು ದಾದಾ. “ಇದು ಅಮ್ಮನಿಗೆ ಕೊಟ್ಟದ್ದು, ವಾಪಸ್ ತಗೊಂಡು ಮುಖಕ್ಕೆ ಹಚ್ಚಿಕೊಳ್ಳುವುದು ಹೇಗೆ ಅಂದರು. ಮುಷ್ಟಿಯಲ್ಲಿ ಹಿಡಿದು, ಮೊಣಕಾಲು ನೀರಿಗೆ ಇಳಿದು ಬಿಟ್ಟರು. ನಾನು ಬೇರೆ ಕೂದಲು ತಂದು ಕಟ್ಟಿದೆ. ಸ್ವಲ್ಪ ಕೆಂಪು ಇತ್ತು. ಟಿವಿಯಲ್ಲಿ ಯಾರಿಗೂ ಕಾಣಲಿಲ್ಲ, ನನಗೆ ಮಾತ್ರ ಕಾಣ್ತದೆ.”

ಎರಡು ತಿಂಗಳು ಹವಾಲ್ದಾರರು ಆ ಮೀಸೆ ಅಂಟಿಸಿಕೊಂಡೇ ಮನೆಯಿಂದ ಹೊರಟು, ಅಂಟಿಸಿಕೊಂಡೇ ಮರಳಿದರು. ಯುನಿಟ್ಟಿನ ಅರ್ಧ ಜನ ಕಲ್ಯಾಣ, ಡೊಂಬಿವಲಿಯವರು. ಲೋಕಲ್‌ನಲ್ಲಿ ಎದುರಿಗೇ ಕೂರುತ್ತಿದ್ದರು. ಬಿಸಿ ತಾಗಿದರೆ ಗೋಂದು ಸಡಿಲವಾಗುತ್ತದೆ, ಆದ್ದರಿಂದ ಚಹಾ ಇಲ್ಲ, ಕಾಫಿ ಇಲ್ಲ. ಕಥೆಯಲ್ಲಿ ಚಹಾ ಕುಡಿಯುವ ದೃಶ್ಯ ಬಂದಾಗ ಅವರು ಗ್ಲಾಸನ್ನು ತುಟಿಯವರೆಗೆ ಎತ್ತಿ, ಬಾಗಿಲ ಕಡೆ ನೋಡಿ, ನಿಟ್ಟುಸಿರಿಟ್ಟು ಕೆಳಗಿಡುತ್ತಿದ್ದರು. ಚಹಾ ಸಿಗದ ಹವಾಲ್ದಾರನನ್ನು ಕಂಡು ಜನ ಬಿದ್ದುಬಿದ್ದು ನಕ್ಕರು. ನಿರ್ದೇಶಕ ಪ್ರತಿ ಕಂತಿಗೂ ಅದನ್ನೇ ಬರೆಸಿದ. ಅವರ ನಟನೆಯ ಶಿಖರ ಎಂದು ಪೇಪರಿನವರು ಹೊಗಳಿದ್ದು ಇದನ್ನೇ. ಒಳಗೆ ನಿಜವಾದದ್ದು ಬೆಳೆಯುತ್ತ ಬಂದಂತೆ ದಾದಾ ಹೊರಗಿನದನ್ನು ಕತ್ತರಿಸುತ್ತ ಬಂದರು. ಒಂದು ದಿನ ಅಂಟಿಸುವುದಕ್ಕೆ ಏನೂ ಉಳಿಯಲಿಲ್ಲ.

“ಮಗಳಿಗಾದರೂ ಹೇಳಬಹುದಿತ್ತಲ್ಲ?” ಎಂದು ಕೇಳಿದೆ. “ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ಎಳೆದು ತೋರಿಸಿದ್ದರೆ ಮುಗಿಯುತ್ತಿತ್ತು.”

“ನಾನೂ ಕೇಳಿದೆ ಕಾಕಾ. ಅವಳು ಚಿಕ್ಕಪ್ಪನಿಗೆ ಹೇಳ್ತಾಳೆ, ಅವ ಊರಿಗೆ ಹೇಳ್ತಾನೆ, ಸಂಜೆಯೊಳಗೆ ಠಾಣೆಯ ಹೋಟೆಲಲ್ಲಿ ಸುದ್ದಿ ಇರ್ತದೆ, ನಿನ್ನ ಕೆಲಸ ಹೋಗ್ತದೆ ದಾದಾ, ನಿನ್ನ ಮಗಳ ಮದುವೆ ವೈಶಾಖದಲ್ಲಿದೆ ಅಂದರು. ಎರಡು ತಿಂಗಳು ಸಿಟ್ಟಲ್ಲಿರ್ತಾಳೆ, ಆಮೇಲೆ ನಾನು ಸಮಾಧಾನ ಮಾಡ್ತೇನೆ ಅಂದರು. ಆಮೇಲೆ ಮೀಸೆ ಬಂತು. ತೋರಿಸಲಿಕ್ಕೆ ಏನಿತ್ತು? ನಾನು ಅದೇ ನಿರ್ಮಾಪಕನ ಕಂಪನಿಯಲ್ಲೇ ಉಳಿದೆ. ನೀನು ರಿಟೈರ್ ಆಗು, ಆಗ ಇಬ್ಬರೂ ಹೋಗಿ ಹೇಳುವ ಅಂತಿದ್ದರು.” ದಾದಾ ಬೆರಳು ಮಡಚಿ ತಿಂಗಳು ಎಣಿಸಿದರು. “ಎರಡು ತಿಂಗಳು ಮೊದಲು ಹೋಗಿಬಿಟ್ಟರು.”

ಇಲ್ಲಿ ನಾನು ನನ್ನ ಅಭಿಪ್ರಾಯವನ್ನು ಮರೆಮಾಡುವುದಿಲ್ಲ. ಹವಾಲ್ದಾರರು ಲೆಕ್ಕ ತಪ್ಪಿದರು. ಮಗಳ ಸಿಟ್ಟನ್ನು ಧಾರಾವಾಹಿಯ ಕಂತಿನಂತೆ ಅಳೆದರು, ಮುಂದಿನ ವಾರ ಸರಿಹೋಗುತ್ತದೆ ಎಂದುಕೊಂಡರು. ಆದರೆ ಜಗತ್ತು ಹೊರಿಸಿದ ತಪ್ಪು ಇದಲ್ಲ. ಜಗತ್ತು ಹೊರಿಸಿದ್ದನ್ನು ಅವರು ಮಾಡಿರಲೇ ಇಲ್ಲ.

ಒಬ್ಬರ ಮಾತು ಸಾಲದು. ನಾನು ದಾದಾರನ್ನು ಎಬ್ಬಿಸಿಕೊಂಡು ಹೊಳೆಯ ದಂಡೆಗೆ ಹೋದೆ. ಆ ಕ್ಷೌರದವನು ಇನ್ನೂ ಅದೇ ಮರದಡಿ ಕೂತಿದ್ದ. ಹವಾಲ್ದಾರ್ ಎಂದದ್ದೇ ತಡ, ನಕ್ಕುಬಿಟ್ಟ.

“ಟಿವಿಯವರಲ್ವಾ? ಕೂತು ಟೋಪಿ ತೆಗೆದರು. ತಲೆ ತೋರಿಸಿ, ಇಲ್ಲಿ ನಿನಗೆ ಕೆಲಸ ಇಲ್ಲ, ಕೆಳಗೆ ಬಾ ಅಂದರು. ಅಳ್ತಾ ಇದ್ದವರು ಹಾಗೆ ಅಂದರು. ನನಗೆ ನಗು ಬಂತು, ಕತ್ತಿ ನಡುಗಿತು. ಯಾರಿಗೂ ಹೇಳಬೇಡ ಅಂದಿದ್ದರು. ನಾನು ಹೆಂಡತಿಗೆ ಮಾತ್ರ ಹೇಳಿದ್ದು.”

ಇಬ್ಬರ ಹೇಳಿಕೆಯನ್ನೂ ಅಲ್ಲಿಯೇ ಕುಳಿತು ಮರಾಠಿಯಲ್ಲಿ ಬರೆದೆ, ಓದಿ ಹೇಳಿದೆ, ಸಹಿ ಹಾಕಿಸಿದೆ. ಕ್ಷೌರದವನು ಹೆಬ್ಬೆರಳು ಒತ್ತಿದ. ಅಲ್ಲಿಂದ ಹೊರಟವನು ಡೊಂಬಿವಲಿಯಲ್ಲಿ ಇಳಿಯಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ನೇರ ಸೀವುಡ್ಸ್‌ಗೆ, ಮಗಳ ಮನೆಗೆ ಹೋದೆ. ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಕಾಗದ ಕೈಗೆ ಕೊಟ್ಟು, ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಎರಡು ಸಲ ಓದಿದಳು. “ಆ ಗೋಂದು ಚರ್ಮ ಸುಡ್ತದೆ ಮಾಮ,” ಎಂದಳು, ನರ್ಸಿನ ದನಿಯಲ್ಲಿ. “ಎರಡು ತಿಂಗಳು ಅಂದ್ರೆ ತುಟಿಯ ಮೇಲೆ ಪೂರಾ ಹುಣ್ಣಾಗಿರಬೇಕು. ಯಾವ ಮುಲಾಮು ಹಚ್ಚಿಕೊಂಡ್ರೋ ಏನೋ.” ಅಷ್ಟು ಹೇಳಿ ಒಳಗೆ ಹೋದಳು. ನಲ್ಲಿಯ ಸದ್ದು ಕೇಳಿಸಿತು. ಬಂದವಳು ಕಣ್ಣೊರೆಸಿಕೊಂಡಿರಲಿಲ್ಲ, ಆದರೆ ಮುಖ ಹಗುರಾಗಿತ್ತು. ನನ್ನ ಎದುರಿಗೇ ಊರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಚಿಕ್ಕಪ್ಪನಿಗೆ ತುಳುವಿನಲ್ಲಿ ಎಲ್ಲವನ್ನೂ ಹೇಳಿದಳು.

ಆಚೆಯಿಂದ ಒಂದೇ ಪ್ರಶ್ನೆ ಬಂತು. “ಕೂದಲು ನೀರಿಗೆ ಬಿಟ್ಟನಾ?”

“ಬಿಟ್ಟಿದ್ದಾರೆ ಚಿಕ್ಕಪ್ಪ. ಮೀಸೆ ಕಟ್ಟಲಿಕ್ಕೆ ಅದನ್ನೇ ಕೇಳಿದ್ರಂತೆ. ಕೊಡಲಿಲ್ಲ.”

“ಏಳು ವರ್ಷ ನಾನು ಊರಿಡೀ...” ಎಂದು ಶುರು ಮಾಡಿದವರು ಮುಗಿಸಲಿಲ್ಲ. ಆಮೇಲೆ ಹೇಳಿದರು: “ಆಟಿಗಿಂತ ಮೊದಲು ಸೇರಿಸುವ. ಆಟಿಗೆ ನೀನು ಬಾ. ಎಲೆ ಹಾಕುವ.”

ಅಂದು ಮನೆಗೆ ಮರಳುವಾಗ ಗಾಡಿಯಲ್ಲಿ ಕೂರಲು ಜಾಗ ಸಿಗಲಿಲ್ಲ, ಕಾಲು ನೋಯಲೂ ಇಲ್ಲ.

ಆಟಿಯಲ್ಲಿ ಅವಳು ಊರಿಗೆ ಹೋದಳು. ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಎಲೆಯನ್ನು ಅಜ್ಜಿಯ ಎಲೆಯ ಬಲಕ್ಕೆ ಹಾಕಿದರಂತೆ. ಅವರಿಗೆ ಇಷ್ಟವಾದ ಬಂಗುಡೆ ಮೀನಿನ ಗಸಿ ಬಡಿಸಿದರಂತೆ. ಬಡಿಸಿದ ಮೇಲೆ ಹಿರಿಯರು ಉಣ್ಣಲೆಂದು ಬಾಗಿಲು ಎಳೆದು, ಮನೆಯವರೆಲ್ಲ ಜಗಲಿಗೆ ಬಂದು ಕೂರುವುದು ಕ್ರಮ. ಹಾಗೆ ಕೂತಿದ್ದಾಗ ಚಿಕ್ಕಪ್ಪ ಮುಚ್ಚಿದ ಬಾಗಿಲ ಕಡೆ ನೋಡುತ್ತ, “ಒಳಗೆ ಅಮ್ಮ ಈಗ ಕೇಳ್ತಿರ್ತಾಳೆ, ಇಷ್ಟು ದಿನ ಎಲ್ಲಿದ್ದಿ ಅಂತ,” ಎಂದರಂತೆ.

“ಶೂಟಿಂಗ್ ಇತ್ತು ಅಂತಾರೆ ಅಪ್ಪ,” ಎಂದಳಂತೆ ಇವಳು.

ಚಿಕ್ಕಪ್ಪ ನಕ್ಕರಂತೆ. ಹೊತ್ತಾಯಿತೆಂದು ಯಾರೋ ಬಾಗಿಲು ತೆರೆಯಲು ಎದ್ದಾಗ ಕೈ ಹಿಡಿದು ಕೂರಿಸಿದರಂತೆ.

“ಇನ್ನೂ ಸ್ವಲ್ಪ ಇರಲಿ. ಅವರಿಗೆ ಮಾತು ತುಂಬ ಇರ್ತದೆ.”